ಕಾವಲುಗಣ್ಣು ಮತ್ತು ಕಳ್ಳಗಣ್ಣು

ಅನ್ನ, ಅರಿವೆಗಳ ತರುವಾಯ ಮನುಷ್ಯನಿಗೆ ಬೇಕಾದುದು ಆಸರೆ. ಆಸರೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮನೆ. ಮಳೆ, ಗಾಳಿ, ಬಿಸಿಲುಗಳಿಂದ ಕಾಪಾಡುವುದು ಮನೆಯ ಮೊದಲನೆಯ ಕೆಲಸ. ಕಳ್ಳಕಾಕರಿಂದ ಕಾಪಾಡುವುದು ಎರಡನೆಯದು. ಇವೆರಡನ್ನೇ ಮಾಡುವುದಾದರೆ ಉಗ್ರಾಣಕ್ಕೂ ಮನೆಗೂ ಭೇದವೇನು? ಉಗ್ರಾಣವೂ ಕಾಳುಕಡಿಯನ್ನು ಮಳೆಯಿಂದ ಕಾಯುತ್ತದೆ, ಕಳ್ಳರಿಂದಲೂ ಕಾಯುತ್ತದೆ. ಮನೆಯು ಮನೆಯೆನಿಸುವುದು ಅದು ಮಾಡುವ ಮೂರನೆಯ ಕೆಲಸದಿಂದ. ಒಳಗಿರುವವರಿಗೆ ಅದು ಮರೆಯನ್ನು ಕೊಡುತ್ತದೆ. ದಿನವಿಡೀ ಲೋಕದ ಕಣ್ಣೆದುರಿಗೆ ನಡೆದುಕೊಂಡವನು ಸಂಜೆ ಹೊಸ್ತಿಲು ದಾಟಿ ಒಳಗೆ ಬಂದಾಗ ಅಂಗಿಯನ್ನು ಗೂಟಕ್ಕೆ ಸಿಕ್ಕಿಸುತ್ತಾನೆ. ಅದರೊಡನೆ ಲೋಕಕ್ಕೆ ತೋರುವ ಮುಖವನ್ನೂ ಕಳಚಿಡುತ್ತಾನೆ. ಅಲ್ಲಿ ಅವನು ಅಳಬಹುದು, ನಗಬಹುದು, ದಣಿದು ಮಲಗಬಹುದು. ಯಾರಿಗೂ ಅದರ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಸುಜ್ಞ ವಾಚಕರೇ, ಕಾವಲು ಮತ್ತು ಮರೆ ಎಂಬ ಈ ಎರಡು ಪ್ರಯೋಜನಗಳು ಹಿಂದೆ ಒಂದೇ ಗೋಡೆಯಿಂದ ದೊರೆಯುತ್ತಿದ್ದವು. ಕಳ್ಳನನ್ನು ತಡೆದ ಗೋಡೆಯೇ ಇಣುಕುವವನ ಕಣ್ಣನ್ನೂ ತಡೆಯುತ್ತಿತ್ತು. ಇಂದು ಹಾಗಿಲ್ಲ. ಕಾವಲಿಗೆಂದು ತಂದ ಸಾಧನವೇ ಮರೆಯನ್ನು ಹರಿದುಹಾಕುವ ಸ್ಥಿತಿ ಬಂದೊದಗಿದೆ. ಅಂಗೈಯಷ್ಟೂ ಇಲ್ಲದ ಕ್ಯಾಮೆರಾ ಒಂದು ನಡುಮನೆಯ ಮೂಲೆಯಲ್ಲಿ ಕುಳಿತು, ನೂರಾರು ಮೈಲಿ ದೂರದಲ್ಲಿರುವವನ ಮೊಬೈಲಿಗೆ ಮನೆಯ ಒಳಗನ್ನು ಬಿಚ್ಚಿ ತೋರಿಸುತ್ತದೆ. ಹೀಗಿರುವಲ್ಲಿ ಕಾವಲು ಎಲ್ಲಿ ಮುಗಿಯುತ್ತದೆ, ಇಣುಕುನೋಟ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಕೇಳಿಕೊಳ್ಳಬೇಕಾಗಿದೆ. ಇದು ಮೊದಲು ಧರ್ಮದ ಪ್ರಶ್ನೆ, ಯಂತ್ರದ ಪ್ರಶ್ನೆ ಆಮೇಲಿನದು.

ನಮ್ಮ ಹಿರಿಯರು ಕಟ್ಟಿದ ಮನೆಗಳನ್ನು ಒಮ್ಮೆ ನೆನೆಯಿರಿ. ಬೀದಿಗೆ ಅಂಟಿಕೊಂಡಂತೆ ಕಟ್ಟೆ ಅಥವಾ ಜಗಲಿ; ದಾರಿಹೋಕನೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು. ಅದರಾಚೆ ಪಡಸಾಲೆ, ಅದು ಬಂಧುಬಾಂಧವರಿಗೆ, ಅತಿಥಿಗಳಿಗೆ. ಅದಕ್ಕೂ ಒಳಗೆ ನಡುಮನೆ, ಅಡುಗೆಮನೆ, ದೇವರಮನೆ. ಹೀಗೆ ಒಳಒಳಗೆ ಹೋದಂತೆಲ್ಲ ಪ್ರವೇಶದ ಅಧಿಕಾರ ಕಿರಿದಾಗುತ್ತ ಹೋಗುತ್ತಿತ್ತು. ಯಾವ ಫಲಕದ ಮೇಲೂ ಇದನ್ನು ಬರೆದಿರಲಿಲ್ಲ; ಆದರೂ ಊರಿನ ಚಿಕ್ಕ ಮಗುವಿಗೂ ಇದು ತಿಳಿದಿತ್ತು. ಮನೆಯ ಯಜಮಾನನೇ ಆದರೂ ಹೆಣ್ಣುಮಕ್ಕಳು ಕುಳಿತಿರುವ ಒಳಮನೆಗೆ ಕಾಲಿಡುವ ಮುನ್ನ ಒಮ್ಮೆ ಕೆಮ್ಮುತ್ತಿದ್ದನು. ನೆರೆಯವರು ಬಾಗಿಲಲ್ಲಿ ನಿಂತು, ‘ಯಾರಿದ್ದೀರಿ ಒಳಗೆ?’ ಎಂದು ಕೂಗುತ್ತಿದ್ದರು. ಆ ಒಂದು ಕೆಮ್ಮು, ಆ ಒಂದು ಕೂಗು ಎಷ್ಟು ಅರ್ಥಗರ್ಭಿತವಾದುದು! ‘ನಾನು ಬರುತ್ತಿದ್ದೇನೆ, ಎಚ್ಚರವಾಗಿರಿ, ನಿಮಗೆ ತಿಳಿಯದಂತೆ ನಿಮ್ಮನ್ನು ನೋಡುವ ಇಚ್ಛೆ ನನಗಿಲ್ಲ’ ಎಂಬುದೇ ಅದರ ಭಾವ. ಗುಪ್ತ ಕ್ಯಾಮೆರಾ ಎಂದರೆ ಕೆಮ್ಮದೆ ಒಳಗೆ ಬಂದ ಕಣ್ಣು.

ಖಾಸಗಿತನ ಎಂಬುದು ಸಿರಿವಂತರ ದೊಡ್ಡ ಮನೆಗಳ ಶೋಕಿ ಎಂದು ಕೆಲವರು ಭಾವಿಸುವುದುಂಟು. ಮಠದ ಪ್ರಸಾದನಿಲಯಗಳಲ್ಲಿ ಇದ್ದು ಓದಿದ ವಾಚಕರಿಗೆ ಇದು ನಿಜವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಒಂದೇ ಹಜಾರದಲ್ಲಿ ಹತ್ತಾರು ಹುಡುಗರು ಸಾಲಾಗಿ ಚಾಪೆ ಹಾಸಿ ಮಲಗುವ ಕಡೆಯಲ್ಲಿ ಗೋಡೆಯ ಮರೆಯೆಲ್ಲಿಯದು? ಆದರೂ ಪ್ರತಿಯೊಬ್ಬ ಹುಡುಗನ ತಲೆಯ ಬಳಿ ಒಂದು ತಗಡಿನ ಟ್ರಂಕು ಇರುತ್ತಿತ್ತು. ಅದರಲ್ಲಿ ಎರಡು ಜೊತೆ ಬಟ್ಟೆ, ಊರಿನಿಂದ ಬಂದ ಕಾಗದ, ತಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಬೀಗ ಇರಲಿ, ಇಲ್ಲದಿರಲಿ, ಇನ್ನೊಬ್ಬನ ಟ್ರಂಕನ್ನು ತೆರೆಯುವುದು, ಇನ್ನೊಬ್ಬನ ಕಾಗದವನ್ನು ಓದುವುದು ಹೀನವೆಂದು ಎಲ್ಲರೂ ಬಲ್ಲವರಾಗಿದ್ದರು. ಬಡವನಿಗೂ ತನ್ನದೆಂಬ ಒಂದು ಮೊಳ ಜಾಗ ಬೇಕು. ಆ ಜಾಗವನ್ನು ಕಾಯುವುದು ಬೀಗಕ್ಕಿಂತ ಹೆಚ್ಚಾಗಿ ಸುತ್ತಲಿನವರ ಮರ್ಯಾದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಕಾವಲಿನ ಯಂತ್ರವನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಅದು ಹುಟ್ಟಿದ ಬಗೆಯನ್ನು ತಿಳಿದರೆ ಅದರ ಮೇಲೆ ಗೌರವವೇ ಉಂಟಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿಯೊಬ್ಬಳು ವಾಸವಾಗಿದ್ದಳು. ಅವಳೂ ಅವಳ ಪತಿಯೂ ಕೆಲಸಕ್ಕೆ ಹೋಗಿಬರುವ ವೇಳೆ ನಿಶ್ಚಿತವಾಗಿರಲಿಲ್ಲ. ಎಷ್ಟೋ ರಾತ್ರಿ ಅವಳು ಒಬ್ಬಳೇ ಇರಬೇಕಾಗುತ್ತಿತ್ತು. ಕರೆದಾಗ ಪೊಲೀಸರು ಬೇಗನೆ ಬರುತ್ತಿರಲಿಲ್ಲ. ಆಗ ಆ ದಂಪತಿಗಳು ಬಾಗಿಲಿನ ಕಿಂಡಿಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಕೋಣೆಯಲ್ಲಿ ಬಂದವರ ಚಿತ್ರ ತೋರಿಸುವ ಪರದೆ, ಅವರೊಡನೆ ಮಾತನಾಡುವ ಸಾಧನ, ದೂರದಿಂದಲೇ ಚಿಲಕ ತೆಗೆಯುವ ಗುಂಡಿ, ಸಹಾಯಕ್ಕೆ ಕರೆಯುವ ಗುಂಡಿ ಇವನ್ನೆಲ್ಲ ಕೂಡಿಸಿ ಒಂದು ವ್ಯವಸ್ಥೆಯನ್ನು ಯೋಜಿಸಿದರು. 1966ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1969ರ ಡಿಸೆಂಬರಿನಲ್ಲಿ ಅದು ದೊರೆಯಿತು. ಇಂದಿನ ಗೃಹರಕ್ಷಣಾ ಕ್ಯಾಮೆರಾಗಳಿಗೆಲ್ಲ ಅದು ಪೂರ್ವಜ. ಆ ಸಾಧನದ ಮೂರು ಲಕ್ಷಣಗಳನ್ನು ಗಮನಿಸಿರಿ. ಅದರ ಮುಖ ಹೊರಗಿನ ಕಡೆಗೆ ಇತ್ತು. ಒಳಗೆ ವಾಸಿಸುವವಳೇ ಅದರ ಒಡತಿಯಾಗಿದ್ದಳು. ಒಂಟಿಯಾದವಳಿಗೆ ಧೈರ್ಯ ಕೊಡುವುದೇ ಅದರ ಉದ್ದೇಶವಾಗಿತ್ತು. ಕಾವಲುಗಣ್ಣಿನ ಲಕ್ಷಣ ಇದೇ.

ಇನ್ನು ಕಳ್ಳಗಣ್ಣಿನ, ಕಳ್ಳಗಿವಿಯ ಕಥೆಯನ್ನು ನೋಡಿರಿ. 1945ರಲ್ಲಿ ಮಾಸ್ಕೋ ನಗರದಲ್ಲಿದ್ದ ಅಮೆರಿಕದ ರಾಯಭಾರಿ ಎವರೆಲ್ ಹ್ಯಾರಿಮನ್ ಅವರಿಗೆ ಸೋವಿಯತ್ ಮಕ್ಕಳು ಸ್ನೇಹದ ಕುರುಹೆಂದು ಒಂದು ಕಾಣಿಕೆಯನ್ನು ಒಪ್ಪಿಸಿದರು. ಅದು ಅಮೆರಿಕದ ರಾಜಮುದ್ರೆಯನ್ನು ಮರದಲ್ಲಿ ಕೆತ್ತಿದ ಸುಂದರವಾದ ಫಲಕ. ರಾಯಭಾರಿಯ ನಿವಾಸದಲ್ಲಿ ಅದನ್ನು ಗೋಡೆಗೆ ತೂಗುಹಾಕಲಾಯಿತು. ಲೆವ್ ಥೆರೆಮಿನ್ ಎಂಬ ವಿಜ್ಞಾನಿ ರೂಪಿಸಿದ ಕದ್ದಾಲಿಕೆಯ ಸಾಧನವೊಂದು ಅದರೊಳಗೆ ಅಡಗಿತ್ತು. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ಹೊರಗಿನಿಂದ ರೇಡಿಯೋ ಅಲೆಗಳನ್ನು ಅದರ ಮೇಲೆ ಹಾಯಿಸಿದಾಗ ಮಾತ್ರ ಅದು ಎಚ್ಚರಗೊಂಡು ಕೋಣೆಯ ಮಾತುಗಳನ್ನು ಹೊರಗೆ ಸಾಗಿಸುತ್ತಿತ್ತು. ಏಳು ವರ್ಷಗಳ ಕಾಲ, 1952ರವರೆಗೆ, ಅದು ಯಾರ ಕಣ್ಣಿಗೂ ಬೀಳಲಿಲ್ಲ. 1960ರಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಅದನ್ನು ಲೋಕಕ್ಕೆಲ್ಲ ತೋರಿಸಲಾಯಿತು. ‘ಗೋಡೆಗೂ ಕಿವಿಯುಂಟು’ ಎಂಬ ನಮ್ಮ ನಾಣ್ಣುಡಿ ಅಲ್ಲಿ ಅಕ್ಷರಶಃ ಸತ್ಯವಾಗಿತ್ತು. ಆ ಮನೆಗೆ ಕಾವಲುಗಾರರ ಕೊರತೆಯಿರಲಿಲ್ಲ, ಬೀಗಗಳ ಕೊರತೆಯಿರಲಿಲ್ಲ. ಕಳ್ಳಗಿವಿ ಗೋಡೆ ಹಾರಿ ಬರಲಿಲ್ಲ. ಕಾಣಿಕೆಯ ರೂಪದಲ್ಲಿ ತಲೆಬಾಗಿಲಿನಿಂದಲೇ ಬಂದಿತು.

ಅಂದು ಒಂದು ಮಹಾರಾಷ್ಟ್ರವು ತನ್ನ ಶ್ರೇಷ್ಠ ವಿಜ್ಞಾನಿಯಿಂದ ಮಾಡಿಸಿಕೊಂಡ ಕೆಲಸ ಇಂದು ಅಂಗಡಿಯಲ್ಲಿ ಕೆಲವು ನೂರು ಅಥವಾ ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತದೆ. ಗೋಡೆಯ ಗಡಿಯಾರ, ಮೊಬೈಲ್ ಚಾರ್ಜರ್, ವಿದ್ಯುತ್ ಬಲ್ಬು, ಹೊಗೆಯನ್ನು ಪತ್ತೆಹಚ್ಚುವ ಸಾಧನ, ಪೆನ್ನು ಇವುಗಳ ವೇಷದಲ್ಲಿ ಕ್ಯಾಮೆರಾಗಳು ಬರುತ್ತಿವೆ. ಗುಂಡುಸೂಜಿಯ ತಲೆಯಷ್ಟು ರಂಧ್ರ ಸಾಕು, ಮಸೂರ ಅದರ ಹಿಂದೆ ಕುಳಿತುಕೊಳ್ಳುತ್ತದೆ. ಕೆಲವು ತಾವು ಕಂಡುದನ್ನು ಒಳಗಿನ ಮೆಮೊರಿ ಕಾರ್ಡಿನಲ್ಲಿ ಕೂಡಿಡುತ್ತವೆ; ಕೆಲವು ವೈಫೈ ಮೂಲಕ ಕೂಡಲೇ ಹೊರಗೆ ಕಳುಹಿಸುತ್ತವೆ. ಬಾಡಿಗೆಯ ಮನೆ, ವಸತಿಗೃಹ, ಹೆಣ್ಣುಮಕ್ಕಳ ವಸತಿನಿಲಯ, ಬಟ್ಟೆ ಅಂಗಡಿಯ ಬದಲಾಯಿಸುವ ಕೋಣೆ ಇಂಥ ಕಡೆಗಳಲ್ಲಿ ಇವು ಸಿಕ್ಕಿದ ಸುದ್ದಿಗಳನ್ನು ನೀವು ದಿನಪತ್ರಿಕೆಗಳಲ್ಲಿ ಓದಿರುತ್ತೀರಿ.

ಆದುದರಿಂದ ಊರುಬಿಟ್ಟು ಓದಲು, ದುಡಿಯಲು ಹೋಗುವ ಮಕ್ಕಳಿಗೆ ಕೆಲವು ಎಚ್ಚರಿಕೆಗಳನ್ನು ಹೇಳಿಕೊಡುವುದು ಹಿರಿಯರ ಕರ್ತವ್ಯ. ಹೊಸ ಕೋಣೆಯನ್ನು ಹೊಕ್ಕಾಗ ಹಾಸಿಗೆಯ ಕಡೆಗೋ ಸ್ನಾನದ ಮನೆಯ ಕಡೆಗೋ ಮುಖಮಾಡಿದ, ಅಲ್ಲಿರಲು ಕಾರಣವಿಲ್ಲದ ವಸ್ತುಗಳನ್ನು ಮೊದಲು ನೋಡಬೇಕು. ದೀಪಗಳನ್ನು ಆರಿಸಿ, ಕೈದೀಪದ ಬೆಳಕನ್ನು ನಿಧಾನವಾಗಿ ಸುತ್ತಲೂ ಹಾಯಿಸಿದರೆ ಅಡಗಿದ ಮಸೂರವು ಸಣ್ಣ ಚುಕ್ಕಿಯಂತೆ ಹೊಳೆಯಬಹುದು. ಕತ್ತಲಲ್ಲಿ ಚಿತ್ರ ತೆಗೆಯುವ ಕ್ಯಾಮೆರಾಗಳು ಸೂಸುವ ಅವಗೆಂಪು ಬೆಳಕು ನಮ್ಮ ಕಣ್ಣಿಗೆ ಕಾಣದು. ಕೆಲವು ಮೊಬೈಲುಗಳ ಕ್ಯಾಮೆರಾದಲ್ಲಿ ಅದು ಕಾಣುತ್ತದೆ. ಮನೆಯ ವೈಫೈಗೆ ಯಾವ ಯಾವ ಸಾಧನಗಳು ಸೇರಿಕೊಂಡಿವೆ ಎಂಬುದನ್ನು ಆಗಾಗ ಪರೀಕ್ಷಿಸಬೇಕು. ರೇಡಿಯೋ ಅಲೆಗಳನ್ನು ಹಿಡಿಯುವ ಶೋಧಕಯಂತ್ರವೊಂದನ್ನೇ ನಂಬುವಂತಿಲ್ಲ. ಕಾರ್ಡಿನಲ್ಲಿ ಮಾತ್ರ ಕೂಡಿಡುವ ಕ್ಯಾಮೆರಾ ಯಾವ ಅಲೆಯನ್ನೂ ಹೊರಡಿಸುವುದಿಲ್ಲ. ಅಂಥದೇನಾದರೂ ಸಿಕ್ಕರೆ ಅದನ್ನು ಕಿತ್ತೆಸೆಯಬಾರದು. ಇದ್ದಲ್ಲಿಯೇ ಅದರ ಚಿತ್ರ ತೆಗೆದುಕೊಂಡು ಪೊಲೀಸರಿಗೆ ತಿಳಿಸಬೇಕು.

ನಾವೇ ಇಟ್ಟುಕೊಂಡ ಕಾವಲು ಕ್ಯಾಮೆರಾದ ವಿಷಯದಲ್ಲಿಯೂ ಎಚ್ಚರ ತಪ್ಪಬಾರದು. ಅಂತರಜಾಲಕ್ಕೆ ಸೇರಿದ ಕ್ಯಾಮೆರಾ ಎಂದರೆ ಮನೆಗೆ ಇಟ್ಟ ಇನ್ನೊಂದು ಬಾಗಿಲು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವೊಂದು ಲೋಕದಾದ್ಯಂತ ಲಕ್ಷಾಂತರ ಮನೆಗಳ ಕ್ಯಾಮೆರಾ, ರೌಟರುಗಳನ್ನು ವಶಮಾಡಿಕೊಂಡಿತು. ಅದು ಮಾಡಿದ ಉಪಾಯ ಬಲು ಸರಳ. ಕಾರ್ಖಾನೆಯವರು ಮೊದಲೇ ಇಟ್ಟು ಕಳುಹಿಸುವ ಸಾಮಾನ್ಯ ಪಾಸ್‌ವರ್ಡುಗಳಲ್ಲಿ ಅರವತ್ತರಷ್ಟನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ ನೋಡಿತು. ಬಳಸುವವರು ಅವನ್ನು ಬದಲಾಯಿಸಿರಲಿಲ್ಲ, ಬಾಗಿಲು ತೆರೆಯಿತು. ಬೀಗವನ್ನು ಕೊಂಡುತಂದು ಕೀಲಿಯನ್ನು ಅದಕ್ಕೇ ತೂಗುಬಿಟ್ಟಂತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕೆ? ಕ್ಯಾಮೆರಾ ತಂದ ದಿನವೇ ಪಾಸ್‌ವರ್ಡನ್ನು ಬದಲಾಯಿಸಬೇಕು. ಮನೆಯ ಒಳಗಿನ ಕೋಣೆಗಳಲ್ಲಿ ಅದನ್ನು ಇಡದಿರುವುದೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ತಿಳಿಯುವುದು ಉಚಿತ. ಉತ್ತರಪ್ರದೇಶದ ಖರಕ್ ಸಿಂಗ್ ಎಂಬವನ ಮನೆಗೆ ಪೊಲೀಸರು ನಡುರಾತ್ರಿಯಲ್ಲಿ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಅವನ ಮೇಲಿನ ದರೋಡೆಯ ಆರೋಪ ಸಾಕ್ಷ್ಯವಿಲ್ಲದೆ ಬಿದ್ದುಹೋಗಿತ್ತು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ರಾತ್ರಿಭೇಟಿಗಳು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಆದರೆ ಖಾಸಗಿತನವು ಮೂಲಭೂತ ಹಕ್ಕೆಂದು ಒಪ್ಪಲಿಲ್ಲ. ಆ ಮಾತು ಹೊರಬೀಳಲು ಮತ್ತೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಅದಕ್ಕೆ ನಿಮಿತ್ತರಾದವರು ನಮ್ಮ ನಾಡಿನವರೇ ಎಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಮರೆಯಲ್ಲಿರುವ ಹೆಣ್ಣುಮಗಳನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ದಂಡನೀಯ. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ, ಮರುಕಳಿಸಿದರೆ ಮೂರರಿಂದ ಏಳು ವರ್ಷ ಸೆರೆವಾಸ.

ಕಾನೂನು ಹೊರಗಿನ ಬೇಲಿ. ಧರ್ಮದ ವಿಚಾರವು ಅದರಿಂದಾಚೆಗೆ, ಮನೆಯ ಒಳಗೆ ಮೊದಲಾಗುತ್ತದೆ. ಪರರ ಸ್ನಾನದ ಮನೆಯಲ್ಲಿ ಕ್ಯಾಮೆರಾ ಇಡುವವನು ಪಾಪಿಯೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಸಜ್ಜನರೆನಿಸಿದವರು, ಒಳ್ಳೆಯ ಉದ್ದೇಶದಿಂದಲೇ, ತಮ್ಮ ಮನೆಯವರ ಮೇಲೆ ತಾವೇ ಕಳ್ಳಗಣ್ಣನ್ನು ಇಡುತ್ತಿರುವುದನ್ನು ಏನೆನ್ನೋಣ? ಸೊಸೆ ಏನು ಮಾಡುತ್ತಾಳೆಂದು ಅತ್ತೆ, ಅತ್ತೆ ಏನು ಆಡುತ್ತಾಳೆಂದು ಸೊಸೆ, ಅಡುಗೆಯವಳು ಏನು ಕದಿಯುತ್ತಾಳೆಂದು ಯಜಮಾನಿ, ಮಗ ಓದುತ್ತಾನೋ ಇಲ್ಲವೋ ಎಂದು ತಂದೆ, ಹೀಗೆ ಒಬ್ಬರ ಮೇಲೊಬ್ಬರು ಕಣ್ಣಿಡುವ ಮನೆಗಳು ಹೆಚ್ಚುತ್ತಿವೆ. ಅವರು ಮುಖ್ಯವಾಗಿ ಮೂರು ಸಮರ್ಥನೆಗಳನ್ನು ಕೊಡುತ್ತಾರೆ. ಅವನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು, ‘ಮನೆ ನನ್ನದು, ನನ್ನ ಮನೆಯಲ್ಲಿ ಏನನ್ನಾದರೂ ಇಡಲು ನನಗೆ ಅಧಿಕಾರವಿದೆ’ ಎಂಬುದು. ಗೋಡೆ ನಿಮ್ಮದು, ಛಾವಣಿ ನಿಮ್ಮದು. ಅದರ ಕೆಳಗೆ ಬಾಳುವ ಜೀವಗಳು ನಿಮ್ಮ ಸ್ವತ್ತಲ್ಲ. ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು ತನ್ನ ದುಡಿಮೆಯನ್ನು ನಿಮಗೆ ಮಾರುತ್ತಾಳೆ, ತನ್ನ ಮಾನವನ್ನಲ್ಲ. ಬಾಡಿಗೆಗೆ ಕೊಟ್ಟ ಮನೆಯ ಹೊಸ್ತಿಲನ್ನು ದಾಟಲು ಒಡೆಯನೂ ಅಪ್ಪಣೆ ಕೇಳಬೇಕು. ಒಡಹುಟ್ಟಿದವರ ನಡುವೆಯೂ ಇದೇ ನ್ಯಾಯ. ಒಂದೇ ಮನೆಯಲ್ಲಿ ವಾಸಿಸುತ್ತಿದ್ದ ಇಬ್ಬರು ಸಹೋದರರ ವ್ಯಾಜ್ಯದಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯವು 2025ರಲ್ಲಿ, ಜೊತೆಯಲ್ಲಿ ವಾಸಿಸುವವನ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವುದು ಖಾಸಗಿತನದ ಹಕ್ಕಿಗೆ ಭಂಗವೆಂದು ಹೇಳಿತು; ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಅಣ್ಣತಮ್ಮಂದಿರು ಈ ಮಾತನ್ನು ನ್ಯಾಯಾಲಯದಿಂದ ಕೇಳಿ ತಿಳಿಯಬೇಕಾಗಿ ಬಂದುದೇ ವಿಷಾದದ ಸಂಗತಿ.

ಎರಡನೆಯದು, ‘ತಪ್ಪು ಮಾಡದವನಿಗೆ ಅಂಜಿಕೆ ಏಕೆ?’ ಎಂಬುದು. ಈ ಮಾತು ಕೇಳಲು ನ್ಯಾಯವಾಗಿ ತೋರುತ್ತದೆ. ಆದರೆ ಲಜ್ಜೆ ಬೇರೆ, ಅಪರಾಧ ಬೇರೆ ಎಂಬುದನ್ನು ಅದು ಮರೆಯುತ್ತದೆ. ಸ್ನಾನ ಮಾಡುವಾಗ ನಾವು ಬಾಗಿಲು ಹಾಕಿಕೊಳ್ಳುವುದು ಅಲ್ಲಿ ಪಾಪಕಾರ್ಯ ನಡೆಯುವುದರಿಂದಲ್ಲ. ಗಂಡ ಹೆಂಡಿರು ಜಗಳವಾಡಿ ಮತ್ತೆ ಕೂಡಿ ನಗುವುದು, ಸತ್ತ ಮಗನನ್ನು ನೆನೆದು ತಾಯಿ ಮೂಲೆಯಲ್ಲಿ ಕುಳಿತು ಅಳುವುದು, ಭಕ್ತನು ಕಣ್ಮುಚ್ಚಿ ಪೂಜೆಯಲ್ಲಿ ತನ್ನನ್ನು ಮರೆಯುವುದು ಇವುಗಳಲ್ಲಿ ಯಾವ ತಪ್ಪಿದೆ? ಆದರೂ ಪರರ ಕಣ್ಣು ಬಿದ್ದರೆ ಇವು ಬಾಡುತ್ತವೆ. ಬೀಜವು ಮಣ್ಣಿನ ಮರೆಯಲ್ಲಿ ಮೊಳೆಯುತ್ತದೆ. ಬೆಳೆಯುತ್ತಿದೆಯೋ ಇಲ್ಲವೋ ಎಂದು ದಿನವೂ ಕೆದಕಿ ನೋಡಿದರೆ ಅದು ಸಾಯುತ್ತದೆ. ‘ದೇವರು ಎಲ್ಲವನ್ನೂ ನೋಡುತ್ತಿಲ್ಲವೇ?’ ಎಂದು ಕೆಲವರು ಕೇಳಬಹುದು. ನೋಡುತ್ತಾನೆ, ನಿಜ. ಆದರೆ ಅವನು ಮಾಡಿದುದನ್ನು ಮಾತ್ರವಲ್ಲ, ಮನಸ್ಸನ್ನೂ ನೋಡುತ್ತಾನೆ. ನೋಡಿದುದನ್ನು ನೆರೆಮನೆಯವರಿಗೆ ಹೇಳಿಕೊಂಡು ತಿರುಗುವುದಿಲ್ಲ. ಮನುಷ್ಯನ ಕ್ಯಾಮೆರಾಕ್ಕೆ ಆ ಅಂತಃಕರಣವೂ ಇಲ್ಲ, ಆ ಗಾಂಭೀರ್ಯವೂ ಇಲ್ಲ.

ಮೂರನೆಯದು, ‘ಅವರ ಒಳಿತಿಗಾಗಿಯೇ ನೋಡುತ್ತೇನೆ’ ಎಂಬುದು. ಇದು ಎಲ್ಲಕ್ಕಿಂತ ಕಠಿಣವಾದ ವಾದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಂಡಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಮಾತುಬಾರದ ಮಗುವನ್ನು ಆಯಾಳ ಕೈಗೆ ಒಪ್ಪಿಸಿದ್ದಾರೆ. ಅವಳು ಮಗುವನ್ನು ಹೊಡೆಯುತ್ತಾಳೆಂಬ ಸಂಶಯ ತಾಯಿಗೆ ಬಂದಿದೆ. ಅವಳು ಗುಪ್ತ ಕ್ಯಾಮೆರಾ ಇಟ್ಟರೆ ತಪ್ಪೇ? ಇಲ್ಲಿ ನಿಧಾನವಾಗಿ ಯೋಚಿಸಬೇಕು. ಸಂಶಯಕ್ಕೆ ಬಲವಾದ ಕಾರಣವಿದ್ದರೆ ನಾಳೆಯೂ ಮಗುವನ್ನು ಅದೇ ಕೈಗೆ ಒಪ್ಪಿಸುವುದು ಹೇಗೆ ಸರಿ? ಸಾಕ್ಷ್ಯ ಸಿಗುವವರೆಗೆ ಮಗು ಪೆಟ್ಟು ತಿನ್ನಲಿ ಎಂದಂತಾಗುವುದಿಲ್ಲವೇ? ಬೇಟೆಗಾರನು ಬೋನಿನಲ್ಲಿ ಮೇಕೆಯನ್ನು ಕಟ್ಟುವಂತೆ ಮಗುವನ್ನು ಕಟ್ಟಿದಂತಾಗುತ್ತದೆ. ಕಾರಣ ದುರ್ಬಲವಾಗಿದ್ದರೆ, ನಿರಪರಾಧಿಯಾಗಿರಬಹುದಾದ ಹೆಣ್ಣೊಬ್ಬಳನ್ನು ಕದ್ದುನೋಡಿದ ದೋಷ ತಪ್ಪದು. ಎರಡು ದಾರಿಗಿಂತಲೂ ಒಳ್ಳೆಯದಾದ ಮೂರನೆಯ ದಾರಿಯೊಂದಿದೆ. ‘ನೋಡಮ್ಮಾ, ಮಗು ಆಡುವ ಈ ಕೋಣೆಯಲ್ಲಿ ಕ್ಯಾಮೆರಾ ಇದೆ, ನಾವು ದೂರದಿಂದ ಮಗುವನ್ನು ನೋಡುತ್ತಿರುತ್ತೇವೆ’ ಎಂದು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಹೇಳಿಬಿಡುವುದು. ಹೇಳಿದ ಕ್ಯಾಮೆರಾ ಹೊಡೆತವನ್ನು ಮೊದಲೇ ತಡೆಯುತ್ತದೆ. ಹೇಳದ ಕ್ಯಾಮೆರಾ ಹೊಡೆತ ಬಿದ್ದ ಮೇಲೆ ಅದನ್ನು ತೋರಿಸುತ್ತದೆ. ಮಗುವಿನ ಒಳಿತು ಯಾವುದರಲ್ಲಿದೆ, ನೀವೇ ತೀರ್ಮಾನಿಸಿರಿ.

ಪರಸ್ಥಳದಲ್ಲಿರುವ ಮಕ್ಕಳು ಊರಿನಲ್ಲಿ ಒಂಟಿಯಾಗಿರುವ ಮುಪ್ಪಿನ ತಂದೆತಾಯಿಗಳಿಗಾಗಿ ಕ್ಯಾಮೆರಾ ಇಡುವುದೂ ಇದೇ ಜಾತಿಯ ಪ್ರಶ್ನೆ. ಬಿದ್ದರೆ ಎತ್ತುವವರಿಲ್ಲ ಎಂಬ ಚಿಂತೆ ಸುಳ್ಳಲ್ಲ. ಆದರೆ ತಾಯಿಯನ್ನು ಕೇಳಿರಿ. ‘ಅವ್ವಾ, ಪಡಸಾಲೆಯಲ್ಲಿ ಒಂದು ಕ್ಯಾಮೆರಾ ಇಡಲೇ? ನಿನಗೆ ಬೇಡವಾದಾಗ ಈ ಗುಂಡಿ ಒತ್ತಿದರೆ ಅದು ನಿಲ್ಲುತ್ತದೆ’ ಎನ್ನಿರಿ. ಒಪ್ಪಿದರೆ ಇಡಿ, ಒಪ್ಪದಿದ್ದರೆ ಕೊರಳಲ್ಲಿ ತೂಗುಹಾಕಿಕೊಳ್ಳುವ ಕರೆಗುಂಡಿ, ದಿನಕ್ಕೆರಡು ಬಾರಿ ಬಂದು ನೋಡುವ ನೆರೆಯವರು ಇಂಥ ಬೇರೆ ದಾರಿಗಳಿವೆ. ನಿಮ್ಮನ್ನು ಹೆತ್ತು ಸಾಕಿದವಳು ಮುಪ್ಪಿನಲ್ಲಿ ತನ್ನ ಸೀರೆಯ ಸೆರಗನ್ನು ತನ್ನ ಇಷ್ಟದಂತೆ ಹೊದೆಯುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳಬಾರದು. ಮರೆವಿನ ಕಾಯಿಲೆಯಿಂದ ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿದ್ದರೆ, ಬುದ್ಧಿ ಸ್ವಸ್ಥವಾಗಿದ್ದಾಗ ಅವಳು ಏನನ್ನು ಒಪ್ಪುತ್ತಿದ್ದಳೋ ಅದನ್ನಷ್ಟೇ ಮಾಡಬೇಕು. ಬಚ್ಚಲುಮನೆಗೆ, ಬಟ್ಟೆ ಬದಲಾಯಿಸುವ ಕೋಣೆಗೆ ಕ್ಯಾಮೆರಾ ಹೋಗಕೂಡದು. ನೋಡುವ ಅಧಿಕಾರ ಮನೆಯ ಒಬ್ಬರಿಬ್ಬರಿಗೆ ಮಾತ್ರ ಇರಬೇಕು.

ಇಲ್ಲಿ ಒಂದು ಅಪವಾದವನ್ನು ಒಪ್ಪಬೇಕಾಗಿದೆ. ನಾಲ್ಕು ಗೋಡೆಗಳ ಮರೆ ಕ್ರೂರಿಗಳಿಗೂ ಅನುಕೂಲ ಮಾಡಿಕೊಡುತ್ತದೆ. ಗಂಡನಿಂದ ಪೆಟ್ಟು ತಿನ್ನುವ ಹೆಣ್ಣುಮಗಳು ‘ಇದು ಮನೆಯ ಗುಟ್ಟು, ಹೊರಗೆ ಹೋಗಬಾರದು’ ಎಂಬ ಮಾತಿಗೆ ಕಟ್ಟುಬಿದ್ದು ನರಳುವುದನ್ನು ನಾವು ಕಂಡಿದ್ದೇವೆ. ಅವಳು ತನ್ನ ಪ್ರಾಣ ಉಳಿಸಿಕೊಳ್ಳಲು ಆ ಬೈಗಳನ್ನು, ಬೆದರಿಕೆಗಳನ್ನು ಗುಟ್ಟಾಗಿ ಮುದ್ರಿಸಿಕೊಂಡರೆ ಅದನ್ನು ಇಣುಕುನೋಟವೆನ್ನಲಾಗದು. ಬಲಿಷ್ಠನು ದುರ್ಬಲಳನ್ನು ಹಿಡಿತದಲ್ಲಿಡಲು ಇಡುವ ಕಣ್ಣು ಬೇರೆ, ದುರ್ಬಲಳು ಪಾರಾಗಲು ಕೂಡಿಡುವ ಸಾಕ್ಷ್ಯ ಬೇರೆ. ಗಂಡಹೆಂಡಿರ ನಡುವಿನ ಮಾತುಗಳನ್ನು ಗುಟ್ಟಾಗಿ ಮುದ್ರಿಸಿದ್ದರೂ ವೈವಾಹಿಕ ವ್ಯಾಜ್ಯಗಳಲ್ಲಿ ಅದನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಗಂಡಹೆಂಡಿರು ಒಬ್ಬರ ಮೇಲೊಬ್ಬರು ಗೂಢಚಾರಿಕೆ ನಡೆಸುವ ಹಂತಕ್ಕೆ ಬಂದಿದ್ದರೆ, ಆ ಸಂಬಂಧ ಮುರಿದುಬಿದ್ದಿರುವುದಕ್ಕೆ ಅದೇ ಲಕ್ಷಣವೆಂಬ ಆಶಯವನ್ನೂ ಆ ತೀರ್ಪು ವ್ಯಕ್ತಪಡಿಸಿತು. ನ್ಯಾಯಾಲಯ ಸಾಕ್ಷ್ಯವನ್ನು ಸ್ವೀಕರಿಸಿತೆಂದ ಮಾತ್ರಕ್ಕೆ ಕದ್ದಾಲಿಕೆ ಸದ್ಗುಣವಾಗುವುದಿಲ್ಲ. ಮುರಿದ ಮೂಳೆಗೆ ಕಟ್ಟುವ ದಬ್ಬೆಯನ್ನು ಗಟ್ಟಿ ಕಾಲಿಗೆ ಕಟ್ಟಿಕೊಂಡು ಯಾರೂ ನಡೆಯುವುದಿಲ್ಲ.

ಸದಾ ಕಣ್ಗಾವಲಿನಲ್ಲಿರುವವರ ಗತಿ ಏನಾಗುತ್ತದೆ? ಇಂಗ್ಲೆಂಡಿನ ಜೆರೆಮಿ ಬೆಂಥಾಮ್ ಎಂಬ ತತ್ತ್ವಜ್ಞನು 1791ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸೆರೆಮನೆಯ ನಕ್ಷೆಯನ್ನು ವಿವರಿಸಿದನು. ನಡುವೆ ಒಂದು ಗೋಪುರ, ಸುತ್ತಲೂ ಬಳೆಯಾಕಾರದಲ್ಲಿ ಕೋಣೆಗಳು. ಗೋಪುರದ ಕಾವಲುಗಾರನಿಗೆ ಎಲ್ಲ ಕೈದಿಗಳೂ ಕಾಣುತ್ತಾರೆ. ಕೈದಿಗಳಿಗೆ ಅವನು ಕಾಣುವುದಿಲ್ಲ. ಈ ಕ್ಷಣ ತನ್ನನ್ನು ನೋಡುತ್ತಿದ್ದಾನೋ ಇಲ್ಲವೋ ತಿಳಿಯದ ಕೈದಿ ಯಾವಾಗಲೂ ನೋಡುತ್ತಿದ್ದಾನೆಂದೇ ಅಂಜಿ ನಡೆಯುತ್ತಾನೆ. ಕೈದಿಗಳಿಗಾಗಿ ಯೋಚಿಸಿದ ಈ ಉಪಾಯವನ್ನು ನಾವು ಹೆಂಡತಿ ಮಕ್ಕಳಿಗಾಗಿ ತರುವುದೇ? ಕ್ಯಾಮೆರಾದ ಕೆಳಗೆ ಬೆಳೆದ ಹುಡುಗನು ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನು ಕಲಿಯುವುದಿಲ್ಲ. ಕ್ಯಾಮೆರಾಕ್ಕೆ ಯಾವ ಮೂಲೆ ಕಾಣುವುದಿಲ್ಲ ಎಂಬುದನ್ನು ಕಲಿಯುತ್ತಾನೆ. ಯಾರೂ ನೋಡದಿದ್ದಾಗಲೂ ಸರಿಯಾಗಿ ನಡೆಯುವುದೇ ಶೀಲ. ‘ಯಾರೂ ನೋಡದ’ ಗಳಿಗೆಯನ್ನೇ ಇಲ್ಲವಾಗಿಸಿದರೆ ಶೀಲಕ್ಕೆ ಅಭ್ಯಾಸ ಮಾಡಲು ಅಂಗಳವೇ ಇಲ್ಲದಾಗುತ್ತದೆ. ಬಹಿರಂಗ ನೀಟಾಗುತ್ತದೆ, ಅಂತರಂಗ ಬೀಳುಬೀಳುತ್ತದೆ.

ನೋಡುವವನಿಗೂ ಕೇಡು ತಪ್ಪಿದ್ದಲ್ಲ. ಸಂಶಯವು ಉಪ್ಪುನೀರಿನಂತೆ, ಕುಡಿದಷ್ಟೂ ದಾಹ ಹೆಚ್ಚುತ್ತದೆ. ಚಿತ್ರದಲ್ಲಿ ಕೈ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಅಡುಗೆಯವಳು ಎರಡು ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡುದು ಕಾಣುತ್ತದೆ; ‘ಮಿಕ್ಕಿದ್ದನ್ನು ಮಕ್ಕಳಿಗೆ ಒಯ್ಯಿ’ ಎಂದು ಹಿಂದಿನ ದಿನ ಮನೆಯ ಹಿರಿಯಳು ಹೇಳಿದ್ದುದು ಕಾಣುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದುದು ಇದಕ್ಕಾಗಿಯೇ. 1988ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ಪದವಿಗೆ ರಾಜೀನಾಮೆ ಕೊಟ್ಟುದನ್ನು ಹಿರಿಯ ವಾಚಕರು ಬಲ್ಲರು. ಸರಕಾರದ ಕದ್ದಾಲಿಕೆಯನ್ನು ಸಹಿಸದ ನಾವು ಮನೆಯ ಕದ್ದಾಲಿಕೆಯನ್ನು ಜಾಣತನವೆಂದು ಕರೆಯುವುದು ಯಾವ ನ್ಯಾಯ?

ಹಾಗಾದರೆ ಮನೆಯ ರಕ್ಷಣೆಯನ್ನು ಬಿಟ್ಟುಬಿಡಬೇಕೇ? ಖಂಡಿತ ಬೇಡ. ಗಟ್ಟಿಯಾದ ಬಾಗಿಲು, ಒಳ್ಳೆಯ ಬೀಗ, ಅಂಗಳದಲ್ಲಿ ದೀಪ, ಬಾಗಿಲ ಮೇಲೆ ಹೊರಮುಖವಾದ ಕ್ಯಾಮೆರಾ ಇವೆಲ್ಲ ಇರಲಿ. ಬೇರೆ ಊರಿಗೆ ಹೋಗುವಾಗ ನೆರೆಯವರಿಗೆ ಹೇಳಿಹೋಗುವ ಹಳೆಯ ಪದ್ಧತಿಯೂ ಇರಲಿ. ನೆರೆಯವನ ಕಣ್ಣಿನಷ್ಟು ಒಳ್ಳೆಯ ಕಾವಲು ಇನ್ನೊಂದಿಲ್ಲ. ನಿಮ್ಮ ಕ್ಯಾಮೆರಾದ ಮುಖ ಎದುರು ಮನೆಯ ಕಿಟಕಿಗೋ ಪಕ್ಕದ ಮನೆಯ ಹಿತ್ತಲಿಗೋ ತಿರುಗಿದ್ದರೆ ಇಂದೇ ಅದನ್ನು ಸರಿಪಡಿಸಿರಿ. ನಿಮ್ಮ ಕಾವಲು ಇನ್ನೊಬ್ಬರ ಮರೆಯನ್ನು ತಿನ್ನಬಾರದು. ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಎಂಬ ಸಂಸ್ಥೆಯು, ಮೊದಲು ಹೇಳಿ ಇಡುವುದಾದರೆ ಪಡಸಾಲೆಯಂಥ ಕಡೆ ಕ್ಯಾಮೆರಾ ಇಡಬಹುದೆಂದು ಒಪ್ಪಿದ್ದು, 2024ರ ಏಪ್ರಿಲ್ 30ರಿಂದ ಮನೆಯೊಳಗೆ ಎಲ್ಲಿಯೂ ಇಡಕೂಡದೆಂದು ನಿಷೇಧಿಸಿತು. ಲಾಭಕ್ಕಾಗಿ ನಡೆಯುವ ವ್ಯಾಪಾರವೇ ಬಂದುಹೋಗುವ ಅತಿಥಿಗೆ ಇಷ್ಟು ಮರ್ಯಾದೆ ಕೊಡುವುದಾದರೆ, ಬಾಳು ಹಂಚಿಕೊಂಡವರಿಗೆ ನಾವು ಕೊಡಬೇಕಾದುದೆಷ್ಟು?

ವಾಚಕ ಮಹಾಶಯರೇ, ಧರ್ಮಸೂಕ್ಷ್ಮವು ಎಷ್ಟೇ ಗಹನವಾದರೂ ಅದನ್ನು ಒರೆಹಚ್ಚುವ ಕಲ್ಲು ಸರಳವಾಗಿರಬೇಕು. ಕ್ಯಾಮೆರಾವನ್ನು ಗೋಡೆಗೆ ಸಿಕ್ಕಿಸುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ‘ಇದು ನೋಡಲಿರುವವರಿಗೆ ನಾನು ಇದರ ವಿಷಯವನ್ನು ಮುಖ ಕೊಟ್ಟು ಹೇಳಬಲ್ಲೆನೇ?’ ಹೇಳಬಲ್ಲಿರಾದರೆ ಅದು ಕಾವಲು. ಹೇಳಲು ನಾಲಿಗೆ ಏಳದಿದ್ದರೆ, ಹೇಳಿದೊಡನೆ ಅದರ ಪ್ರಯೋಜನವೇ ಹಾಳಾಗುವುದೆಂದು ತೋರಿದರೆ, ನಿಮ್ಮ ಮನೆಗೆ ಬೇಕಾದುದು ಕ್ಯಾಮೆರಾ ಅಲ್ಲ, ಒಂದು ಮಾತುಕತೆ. ಆ ಮಾತುಕತೆಯನ್ನು ಇಂದು ಸಂಜೆಯೇ, ಊಟಕ್ಕೆ ಎಲ್ಲರೂ ಕೂಡಿದಾಗ, ಆರಂಭಿಸಬಹುದು. ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.